ಅಧಿಕ ರಕ್ತದೊತ್ತಡ: ಕೊಪ್ಪಳ ಜಿಲ್ಲೆಯಲ್ಲಿ ಪ್ರಾಥಮಿಕ ಹಂತದ ಚಿಕಿತ್ಸೆ

ಬೇರೆ ಬೇರೆ ದಿನ ಅಳೆದಾಗಲೂ ವಯಸ್ಕರ ರಕ್ತದೊತ್ತಡ 140/90 ಮಿಲಿಮೀಟರ್ ಪಾದರಸ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಅಧಿಕ ರಕ್ತದೊತ್ತಡ. ಜನರ ಬಾಯಲ್ಲಿ ಇದು ‘ಬಿಪಿ’. ಬಹುತೇಕ ರೋಗಿಗಳಿಗೆ ಯಾವ ಲಕ್ಷಣವೂ ಕಾಣಿಸುವುದಿಲ್ಲ. ಚಿಕಿತ್ಸೆ ಸಿಗದಿದ್ದರೆ ಲಕ್ವ, ಹೃದಯಾಘಾತ ಮತ್ತು ಮೂತ್ರಪಿಂಡ ವೈಫಲ್ಯದ ಅಪಾಯ ಹೆಚ್ಚುತ್ತದೆ.

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟ ಕೊಪ್ಪಳ ಜಿಲ್ಲೆಯಲ್ಲಿ ಚಿಕಿತ್ಸೆಯ ಮೊದಲ ಮೆಟ್ಟಿಲು ಹಳ್ಳಿಯ ಉಪಕೇಂದ್ರ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರ. ಅದರ ಮೇಲೆ ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಸರ್ಕಾರಿ ಆಸ್ಪತ್ರೆಗಳಿವೆ. ಕೊಪ್ಪಳದಲ್ಲಿ ಜಿಲ್ಲಾ ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜು ಇವೆ. 2010ರಲ್ಲಿ ಆರಂಭವಾದ ರಾಷ್ಟ್ರೀಯ ಅಸಾಂಕ್ರಾಮಿಕ ರೋಗ ನಿಯಂತ್ರಣ ಕಾರ್ಯಕ್ರಮದಡಿ ಈಗ 30 ವರ್ಷ ದಾಟಿದ ಎಲ್ಲರನ್ನೂ ತಪಾಸಣೆ ಮಾಡಬೇಕು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಇಂಥವರನ್ನು ಗುರುತಿಸುತ್ತಾರೆ.

ಅಧಿಕ ರಕ್ತದೊತ್ತಡದ ಚಿಕಿತ್ಸಾ ಮಾರ್ಗಸೂಚಿಯ ಪಾಲನೆ ಶುರುವಾಗುವುದು ಸರಿಯಾದ ಅಳತೆಯಿಂದ. ರೋಗಿ ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ಅದಕ್ಕೂ ಮುಂಚಿನ ಅರ್ಧ ಗಂಟೆ ಚಹಾ, ಬೀಡಿ, ತಂಬಾಕು ಮುಟ್ಟಿರಬಾರದು. ಪಟ್ಟಿ ಕಟ್ಟಿದ ತೋಳು ಹೃದಯದ ಮಟ್ಟದಲ್ಲಿರಬೇಕು. 2017ರಲ್ಲಿ ಆರಂಭವಾದ ಭಾರತೀಯ ಅಧಿಕ ರಕ್ತದೊತ್ತಡ ನಿಯಂತ್ರಣ ಉಪಕ್ರಮವು ಔಷಧಿಗಳನ್ನು ಸರಳ ಹಂತಗಳಲ್ಲಿ ಜೋಡಿಸಿತು. ಸಾಮಾನ್ಯವಾಗಿ ಆಮ್ಲೋಡಿಪಿನ್ 5 ಮಿಲಿಗ್ರಾಂನಿಂದ ಆರಂಭ. ತಿಂಗಳ ನಂತರವೂ ಒತ್ತಡ ಇಳಿಯದಿದ್ದರೆ ಟೆಲ್ಮಿಸಾರ್ಟನ್ ಸೇರಿಸುವುದು ಅಥವಾ ಪ್ರಮಾಣ ಹೆಚ್ಚಿಸುವುದು. ಅದೂ ಸಾಲದಿದ್ದರೆ ಕ್ಲೋರ್ಥಾಲಿಡೋನ್‌ನಂಥ ಮೂತ್ರವರ್ಧಕ. ಗರ್ಭಿಣಿಯರಿಗೆ ಟೆಲ್ಮಿಸಾರ್ಟನ್ ಕೊಡಬಾರದು. ಒತ್ತಡ 140/90ಕ್ಕಿಂತ ಕೆಳಗೆ ಇಳಿಯಬೇಕು ಎಂಬುದು ಸಾಮಾನ್ಯ ಗುರಿ. ಇಳಿದ ಮೇಲೂ ಗುಳಿಗೆ ನಿಲ್ಲಿಸುವಂತಿಲ್ಲ.

ಗುಳಿಗೆಯ ಜೊತೆಗೆ ಊಟದಲ್ಲೂ ಎಚ್ಚರ ಬೇಕು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಈ ಭಾಗದ ಊಟಕ್ಕೆ ಅನ್ವಯಿಸಿ ಹೇಳುವುದಾದರೆ, ಜೋಳದ ರೊಟ್ಟಿ, ಪಲ್ಯ, ಕಾಳು ಹಾಗೇ ಇರಲಿ. ಉಪ್ಪಿನಕಾಯಿ, ಹಪ್ಪಳ, ಮಿರ್ಚಿ ಭಜಿ ಮಿತವಾಗಿರಲಿ.

ಮಾರ್ಗಸೂಚಿಯ ಪಾಲನೆಗೆ ಅಡ್ಡಿಯಾಗುವ ಕಾರಣಗಳಲ್ಲಿ ಕೆಲವು ಆಸ್ಪತ್ರೆಯ ಹೊರಗಿವೆ. ಸಂಶೋಧಕಿಯರಾದ ಗೀತಾ ಸೇನ್ ಮತ್ತು ಅದಿತಿ ಅಯ್ಯರ್ ಕೊಪ್ಪಳದ ಗ್ರಾಮೀಣ ಕುಟುಂಬಗಳ ಮಾಹಿತಿಯನ್ನು ಆಧರಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವು ದೀರ್ಘಕಾಲದ ಕಾಯಿಲೆಗಳ ಚಿಕಿತ್ಸೆಯನ್ನು ಪರಿಶೀಲಿಸಿತು. ಚಿಕಿತ್ಸೆ ಪಡೆಯುವುದರಲ್ಲೂ ಮುಂದುವರಿಸುವುದರಲ್ಲೂ ಬಡ ಹೆಂಗಸರು ಎಲ್ಲರಿಗಿಂತ ಹಿಂದಿದ್ದರು, ಅನುಕೂಲಸ್ಥ ಗಂಡಸರು ಮುಂದಿದ್ದರು. ಬಡತನ ಮತ್ತು ಲಿಂಗಭೇದ ಎರಡೂ ಸೇರಿ ಈ ಅಂತರವನ್ನು ಹುಟ್ಟಿಸುತ್ತವೆ. ಕುಷ್ಟಗಿ, ಯಲಬುರ್ಗಾದ ಒಣಬೇಸಾಯದ ಹಳ್ಳಿಗಳಿಂದ ಕೂಲಿಗಾಗಿ ಗುಳೆ ಹೋಗುವವರಿಗೆ ತಿಂಗಳ ತಪಾಸಣೆ ತಪ್ಪುತ್ತದೆ. ಗಂಗಾವತಿಯ ನೀರಾವರಿ ಭಾಗದಲ್ಲಿ ನಾಟಿ ಮತ್ತು ಕೊಯ್ಲಿನ ದಿನಗಳಲ್ಲಿ ಕೂಲಿ ಬಿಟ್ಟು ಆಸ್ಪತ್ರೆಗೆ ಬರುವುದು ಕಷ್ಟ.

ಹೀಗಾಗಿ ಉಪಕೇಂದ್ರದಲ್ಲೇ ಗುಳಿಗೆ ಸಿಗುವುದು, ಗುಳೆ ಹೊರಡುವವರಿಗೆ ಹೆಚ್ಚು ದಿನಗಳ ಔಷಧಿ ಕೊಡುವುದು, ತಪ್ಪಿಸಿಕೊಂಡವರನ್ನು ಆಶಾ ಕಾರ್ಯಕರ್ತೆ ಹುಡುಕಿ ಕರೆತರುವುದು ಚಿಕಿತ್ಸೆಯಷ್ಟೇ ಮುಖ್ಯ. ಪ್ರಾಥಮಿಕ ಆರೋಗ್ಯ ಕೇಂದ್ರದ ಯಶಸ್ಸನ್ನು ಬರೆದುಕೊಟ್ಟ ಚೀಟಿಗಳಿಂದಲ್ಲ, ಒತ್ತಡ ಹತೋಟಿಗೆ ಬಂದ ರೋಗಿಗಳ ಸಂಖ್ಯೆಯಿಂದ ಅಳೆಯಬೇಕು.