ನೆಲದ ಪಾಲು, ಸಾಲದ ಪಾಲು

ಒಟ್ಟು ಕುಟುಂಬದ ಗುಣಗಾನ ಕೇಳಿ ಕೇಳಿ ನಮಗೆ ಸಾಕಾಗಿದೆ. ಹತ್ತು ಕೈ ಸೇರಿದರೆ ಮನೆ ಬೆಳೆಯುತ್ತದಂತೆ. ಯಾರ ಮನೆ? ಊರೊಳಗೆ ಅಣ್ಣತಮ್ಮಂದಿರನ್ನು ಒಂದೇ ಕಣಜಕ್ಕೆ ಕಟ್ಟಿದ್ದು ಪ್ರೀತಿಗಿಂತ ಹೆಚ್ಚಾಗಿ ಹೊಲಗದ್ದೆ. ನಮ್ಮ ಕೇರಿಯಲ್ಲಿ ಪಾಲಾಗಿದ್ದು ಸಾಲ. ಅಪ್ಪನ ಸಾಲಕ್ಕೆ ಮಗ ಜೀತ, ಅವನು ಸೋತರೆ ತಮ್ಮ. ಕೈ ಹತ್ತಿದ್ದವು, ಬೆಳೆದದ್ದು ಒಡೆಯನ ಮನೆ. ಜೀತ ರದ್ದಿನ ಕಾಯ್ದೆ ಬಂದದ್ದು 1976ರಲ್ಲಿ. ಸರ್ಕಾರ ಮಂಜೂರು ಮಾಡಿದ ತುಂಡು ನೆಲವೂ ಉಳ್ಳವರ ಕೈಸೇರುತ್ತಿತ್ತು. ಅದನ್ನು ತಡೆಯಲು 1978ರ ಪರಭಾರೆ ನಿಷೇಧ ಕಾಯ್ದೆ ಬೇಕಾಯ್ತು.

ಪಟ್ಟಣದ ಕತೆ ಬೇರೆ. 1880ರ ದಶಕದಿಂದ ಕೋಲಾರದ ಚಿನ್ನದ ಗಣಿಗೆ ಉತ್ತರ ಆರ್ಕಾಟಿನ ಕಡೆಯಿಂದ ದಲಿತರು ಬಂದರು. ಮೊದಲು ಬಂದವನು ಭಾವನನ್ನು ಕರೆದ, ಭಾವ ತಮ್ಮನನ್ನು. ಇಕ್ಕಟ್ಟಿನ ಲೈನ್ ಮನೆಯಲ್ಲೇ ಬಳಗ. ಅಲ್ಲಿ ಕೂಲಿ ರೊಕ್ಕವಾಗಿ ಕೈಗೆ ಬರುತ್ತಿತ್ತು. ಹಾಗಾಗಿ ಒಬ್ಬನ ಸಂಬಳ ಇನ್ನೊಬ್ಬನ ಮಗುವಿನ ಸ್ಲೇಟಾಗಬಹುದಿತ್ತು. ಬಳಗ ಸಾಕಿದ ಹೆಂಗಸು ಮಾತ್ರ ಕೊನೆಗೇ ಉಂಡಳು, ಇದನ್ನೂ ನಾವು ಮುಚ್ಚಿಡಬಾರದು.

2001ರಲ್ಲಿ ಗಣಿ ಮುಚ್ಚಿತು. ಮಕ್ಕಳು ಬೆಂಗಳೂರಿನ ರೈಲು ಹತ್ತಿದರು. ಆಗಲೂ ಬಿದ್ದವರನ್ನು ಎತ್ತಿದ್ದು ಬಳಗವೇ.

ಬಳಗ ನಮ್ಮನ್ನು ಸಾಯದಂತೆ ಕಾದಿದೆ. ಬೆಳೆಯಬೇಕಾದರೆ ನೆಲ, ಕೂಲಿ, ಅಕ್ಷರ ಬೇಕು. ಅವನ್ನು ಕೊಡದೆ ಬಳಗವನ್ನು ಹೊಗಳುವವರನ್ನು ನಾವು ನಂಬುವುದಿಲ್ಲ.