ಅಂಜುತ್ತಲೇ ಓಗೊಟ್ಟವರು: ಟೆಕ್ಸಸ್‌ನ ಮೂರು ನಗರಗಳಲ್ಲಿ ದೇವರ ಕರೆ ಮತ್ತು ಸಭೆಯ ಹೊಣೆ

ದೇವರ ಕರೆಗೆ ಓಗೊಡುವವನ ಮನಸ್ಸಿನಿಂದ ಮೊದಲು ಭಯ ತೊಲಗಬೇಕೆಂಬ ತಿಳಿವಳಿಕೆ ಕ್ರೈಸ್ತ ಬೋಧನೆಯಲ್ಲಿ ಬಳಕೆಯಲ್ಲಿದೆ. ಬೈಬಲ್ಲಿನ ಕಥನಗಳು ಅದಕ್ಕೆ ಹೆಚ್ಚು ಆಧಾರ ಕೊಡುವುದಿಲ್ಲ. ಮೋಶೆ ತನ್ನ ಮಾತು ತೊಡಕೆಂದು ಹಿಂಜರಿದ, ಯೆರೆಮೀಯ ತನ್ನ ಎಳೆಯ ವಯಸ್ಸನ್ನು ಮುಂದಿಟ್ಟ. ಇಬ್ಬರಿಗೂ ಸಿಕ್ಕಿದ್ದು ದೇವರು ಜೊತೆಗಿರುವ ಭರವಸೆ. ಎಸ್ತೇರಳ ಪ್ರಸಂಗ ಇನ್ನೂ ಸ್ಪಷ್ಟವಾದುದು. ಕರೆ ಬಂದದ್ದು ಆಕೆಯನ್ನು ಸಾಕಿದ ಮೊರ್ದೆಕೈ ಮೂಲಕ. ಅಪ್ಪಣೆಯಿಲ್ಲದೆ ಅರಸನೆದುರು ಹೋದವರಿಗೆ ಮರಣವೆಂದು ಆಕೆ ಮೊದಲು ಹಿಂದೆಗೆದಳು. ಒಪ್ಪಿದ ಮೇಲೂ ಶೂಷನ್ ಪಟ್ಟಣದ ಯೆಹೂದ್ಯರೆಲ್ಲ ಮೂರು ದಿನ ತನಗಾಗಿ ಉಪವಾಸವಿರಬೇಕೆಂದು ಕೇಳಿದಳು. ಆಕೆಯ ಭಯ ಅಳಿಯಿತೆಂದು ಗ್ರಂಥ ಎಲ್ಲಿಯೂ ಹೇಳುವುದಿಲ್ಲ. ಒಬ್ಬಳ ಮೇಲಿದ್ದ ಭಾರ ಹಲವರಿಗೆ ಹಂಚಿಹೋಯಿತು ಎಂಬುದಷ್ಟೇ ಕಾಣುತ್ತದೆ. ಹೂಸ್ಟನ್, ಆಸ್ಟಿನ್, ಡಾಲಸ್ ನಗರಗಳ ಸಭೆಗಳ ಇತ್ತೀಚಿನ ಇತಿಹಾಸವನ್ನು ಈ ಹಂಚಿಕೆಯ ಬೆಳಕಿನಲ್ಲಿಯೇ ಓದಬೇಕೆಂಬುದು ನನ್ನ ವಾದ.

ವಿಲಿಯಂ ಲಾಸನ್ 1955ರಲ್ಲಿ ಹೂಸ್ಟನ್‌ಗೆ ಬಂದು ಟೆಕ್ಸಸ್ ಸದರ್ನ್ ವಿಶ್ವವಿದ್ಯಾಲಯದಲ್ಲಿ ಬ್ಯಾಪ್ಟಿಸ್ಟ್ ವಿದ್ಯಾರ್ಥಿ ಸಂಘವನ್ನು ನಡೆಸುತ್ತಿದ್ದರು. 1960ರಲ್ಲಿ ಬಿಳಿಯರಿಗಷ್ಟೇ ಮೀಸಲಾದ ಊಟದ ಕಟ್ಟೆಗಳಲ್ಲಿ ಧರಣಿ ಕೂರಲು ಬೆಂಬಲ ಕೇಳಿದ ವಿದ್ಯಾರ್ಥಿಗಳಿಗೆ, ಹೆತ್ತವರು ಕಳಿಸಿರುವುದು ಓದಲಿಕ್ಕೆ ಎಂದು ಅವರು ಬುದ್ಧಿ ಹೇಳಿದರು. ಇದನ್ನು ಮುಂದೆ ಅವರೇ ಹಲವು ಬಾರಿ ಹೇಳಿಕೊಂಡಿದ್ದಾರೆ. ವಿದ್ಯಾರ್ಥಿಗಳು ಕಾಯಲಿಲ್ಲ. ಮಾರ್ಚ್ 4ರಂದು ಹದಿಮೂರು ಮಂದಿ ಆಲ್ಮೀಡಾ ರಸ್ತೆಯ ವೈನ್‌ಗಾರ್ಟನ್ ಅಂಗಡಿಯತ್ತ ಹೊರಟರು. ದಾರಿಯಲ್ಲಿ ಇನ್ನಷ್ಟು ಜನ ಕೂಡಿಕೊಂಡರು. ಲಾಸನ್ ಅವರ ಅಂಜಿಕೆ ಪೊಳ್ಳಾಗಿರಲಿಲ್ಲ: ಮೂರೇ ದಿನಗಳಲ್ಲಿ ಮುಸುಕುಧಾರಿಗಳು ಕಪ್ಪು ಯುವಕನೊಬ್ಬನನ್ನು ಎಳೆದೊಯ್ದು ಅವನ ಹೊಟ್ಟೆಯ ಮೇಲೆ ಕು ಕ್ಲಕ್ಸ್ ಕ್ಲಾನಿನ ಅಕ್ಷರಗಳನ್ನು ಕೊರೆದರು. ಹಿಂಜರಿದಿದ್ದ ಬೋಧಕರು ವಿದ್ಯಾರ್ಥಿಗಳ ಬೆನ್ನಿಗೆ ನಿಂತದ್ದು ಇಂಥ ಅಪಾಯದ ನಡುವೆಯೇ. ಆಗಸ್ಟ್‌ನಲ್ಲಿ ಹೂಸ್ಟನ್ನಿನ ಊಟದ ಕಟ್ಟೆಗಳು ಸದ್ದಿಲ್ಲದೆ ಎಲ್ಲರಿಗೂ ತೆರೆದವು. 1962ರಲ್ಲಿ ಲಾಸನ್ ವೀಲರ್ ಅವೆನ್ಯೂ ಬ್ಯಾಪ್ಟಿಸ್ಟ್ ಸಭೆಯನ್ನು ಕಟ್ಟಿ 2004ರವರೆಗೆ ಅದರ ಪಾಲಕರಾಗಿದ್ದರು. ಇದು ನಾಗರಿಕ ಹಕ್ಕಿನ ಹೋರಾಟ, ಇದರಲ್ಲಿ ದೈವದ ಕರೆ ಎಲ್ಲಿದೆ ಎಂದು ಆಕ್ಷೇಪಿಸಬಹುದು. ಎಸ್ತೇರಳ ಹೀಬ್ರೂ ಗ್ರಂಥದಲ್ಲಿ ದೇವರ ಹೆಸರೇ ಬರುವುದಿಲ್ಲ. ಆದರೂ ಸಭೆ ಅದನ್ನು ಪವಿತ್ರಗ್ರಂಥದಿಂದ ಹೊರಗಿಡಲಿಲ್ಲ.

ಭಯವೆಂಬುದು ಕೆಲವೊಮ್ಮೆ ವಿವೇಕವೇ ಅಲ್ಲವೇ ಎಂಬ ಪ್ರಶ್ನೆಯೂ ನ್ಯಾಯವಾದದ್ದು. ಆಸ್ಟಿನ್ನಿನ ಸೇಂಟ್ ಆಂಡ್ರೂಸ್ ಪ್ರೆಸ್ಬಿಟೇರಿಯನ್ ಸಭೆ 2016ರಲ್ಲಿ ಗಡೀಪಾರಿಗೆ ಹೆದರಿದ್ದ ಗ್ವಾಟೆಮಾಲಾದ ತಾಯಿ ಮತ್ತು ಮಗನಿಗೆ ಆಶ್ರಯ ಕೊಟ್ಟಿತು. ಆಗ ಚರ್ಚುಗಳೊಳಗೆ ವಲಸೆ ಅಧಿಕಾರಿಗಳು ಸಾಮಾನ್ಯವಾಗಿ ಕಾಲಿಡುತ್ತಿರಲಿಲ್ಲ. ಆ ರಕ್ಷಣೆಗೆ ಶಾಸನದ ಬಲವಿರಲಿಲ್ಲ, ಇಲಾಖೆಯ ನೀತಿಯೊಂದೇ ಆಸರೆ. 2019ರಲ್ಲಿ ಆ ತಾಯಿಗೆ ಮೂರು ಲಕ್ಷ ಡಾಲರ್ ಮೀರಿದ ದಂಡದ ನೋಟಿಸು ಬಂದು ಬಳಿಕ ಹಿಂತೆಗೆಯಲಾಯಿತು. 2025ರ ಜನವರಿಯಲ್ಲಿ ಆ ನೀತಿಯೇ ರದ್ದಾಯಿತು. ವಿವೇಕ ಇಲ್ಲಿ ಅಪಾಯವನ್ನು ಸರಿಯಾಗಿಯೇ ಅಳೆದಿತ್ತು. ಆದರೆ ಅದನ್ನು ಯಾರು ಹೊರಬೇಕು ಎಂಬುದನ್ನು ವಿವೇಕವೊಂದೇ ತೀರ್ಮಾನಿಸಲಾರದು. ಬಾಗಿಲು ಮುಚ್ಚಿದ್ದರೆ ಅಪಾಯ ಕರಗುತ್ತಿರಲಿಲ್ಲ, ಪೂರ್ತಿಯಾಗಿ ಆ ತಾಯಿಯ ಹೆಗಲೇರುತ್ತಿತ್ತು.

ನನ್ನ ವಾದಕ್ಕೆ ಕಠಿಣ ಸವಾಲು ಡಾಲಸ್ಸಿನದು. ಅಲ್ಲಿನ ಫಸ್ಟ್ ಬ್ಯಾಪ್ಟಿಸ್ಟ್ ಸಭೆಯ ಪಾಲಕ ಡಬ್ಲ್ಯು. ಎ. ಕ್ರಿಸ್ವೆಲ್ 1956ರಲ್ಲಿ ದಕ್ಷಿಣ ಕೆರೊಲಿನಾದ ಶಾಸನಸಭೆಯೆದುರು ವರ್ಣಭೇದ ನಿವಾರಣೆಯನ್ನು ನಿರ್ಭಯವಾಗಿ ಖಂಡಿಸಿದರು. ಧೈರ್ಯವಿತ್ತು, ಬೆನ್ನಿಗೆ ದೊಡ್ಡ ಸಭೆಯೂ ಇತ್ತು. ಹಾಗಾದರೆ ಜೊತೆಗಾರರ ಬಲ ತಪ್ಪನ್ನೂ ಗಟ್ಟಿಮಾಡುತ್ತದಲ್ಲ? ನಿಜ, ಮಾಡುತ್ತದೆ; ಧೈರ್ಯವಾಗಲಿ ಬಹುಮತವಾಗಲಿ ಕರೆಗೆ ಪ್ರಮಾಣವಲ್ಲ. ವ್ಯತ್ಯಾಸವನ್ನು ಬೇರೆಡೆ ಹುಡುಕಬೇಕು. ಹೂಸ್ಟನ್ನಿನಲ್ಲಿ ಕರೆ ಅನ್ಯಾಯ ಉಂಡ ವಿದ್ಯಾರ್ಥಿಗಳಿಂದ ಬಂತು, ಆಸ್ಟಿನ್ನಿನಲ್ಲಿ ನೆಲೆ ಕಳೆದುಕೊಂಡ ತಾಯಿಯಿಂದ. ಡಾಲಸ್ಸಿನಲ್ಲಿ ಅಂಥವರು ಸಭೆಯ ಸದಸ್ಯತ್ವದಿಂದಲೇ ಹೊರಗಿದ್ದರು. ಅವರ ಮಾತು ವೇದಿಕೆ ತಲುಪುವಂತಿರಲಿಲ್ಲ. 1968ರಲ್ಲಿ ಸದರ್ನ್ ಬ್ಯಾಪ್ಟಿಸ್ಟ್ ಒಕ್ಕೂಟದ ಅಧ್ಯಕ್ಷರಾದ ಕ್ರಿಸ್ವೆಲ್, ತಮ್ಮ ಸಭೆ ಎಲ್ಲ ವರ್ಣದವರಿಗೂ ತೆರೆದಿದೆಯೆಂದು ಅದೇ ವರ್ಷ ಬೋಧಿಸಿದರು. ಅದು ಪಶ್ಚಾತ್ತಾಪವೋ ಕಾಲದ ಒತ್ತಡವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. 1964ರ ನಾಗರಿಕ ಹಕ್ಕುಗಳ ಕಾಯ್ದೆ ಬಂದು ನಾಲ್ಕು ವರ್ಷ ಕಳೆದಿದ್ದರಿಂದ, ಆ ಹೊತ್ತಿಗೆ ಹಾಗೆ ಬೋಧಿಸುವವರು ತೆರಬೇಕಾದ ಬೆಲೆಯನ್ನು ಬೇರೆಯವರು ಬಹುಮಟ್ಟಿಗೆ ತೆತ್ತಿದ್ದರು.