ಅರಸನ ಪಾಲಿನ ಹೊಣೆ: ಪಿಲಾತ ಮತ್ತು ಬಿಜ್ಜಳ

ದಂಡವನ್ನು ಹಿಡಿದ ಕೈಗೆ ಧರ್ಮದ ಹೊಣೆಯೂ ಅಂಟಿಕೊಂಡಿರುತ್ತದೆಂಬುದು ನಮ್ಮ ಪ್ರಾಚೀನರ ನಿಲುವು. ಮನುಸ್ಮೃತಿಯ ಎಂಟನೆಯ ಅಧ್ಯಾಯವು ನ್ಯಾಯಸಭೆಯಲ್ಲಿ ನಡೆದ ಅಧರ್ಮವನ್ನು ನಾಲ್ಕು ಪಾಲು ಮಾಡಿ, ಒಂದನ್ನು ತಪ್ಪು ಮಾಡಿದವನಿಗೆ, ಒಂದನ್ನು ಸಾಕ್ಷಿಗೆ, ಒಂದನ್ನು ಸಭಾಸದರಿಗೆ, ಒಂದನ್ನು ಅರಸನಿಗೆ ಹಂಚುತ್ತದೆ. ಈ ಲೆಕ್ಕದಲ್ಲಿ ಎರಡು ಸಂಗತಿಗಳು ಗಮನಾರ್ಹವಾಗಿವೆ. ಅರಸನ ಪಾಲನ್ನು ಬೇರೊಬ್ಬರು ತೀರಿಸಲು ಬರುವುದಿಲ್ಲವೆಂಬುದು ಮೊದಲನೆಯದು. ಪಾಲುಗಾರರ ಪಟ್ಟಿಯಲ್ಲಿ ಯಾವ ಜನಾಂಗದ ಹೆಸರೂ ಇಲ್ಲವೆಂಬುದು ಎರಡನೆಯದು. ಈ ಎರಡು ಸಂಗತಿಗಳನ್ನು ಕೈದೀವಿಗೆಯಾಗಿ ಹಿಡಿದು, ಕ್ರಿ.ಶ. 30ರ ಸುಮಾರಿಗೆ ಯೆರೂಸಲೇಮಿನಲ್ಲಿ ನಡೆದ ಯೇಸುವಿನ ಶಿಲುಬೆಯ ಮರಣವನ್ನೂ, 1167ರ ಸುಮಾರಿಗೆ ಕಲ್ಯಾಣದಲ್ಲಿ ನಡೆದ ಹರಳಯ್ಯ-ಮಧುವರಸರ ದಂಡನೆಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಯೇಸುವಿನ ಕಥೆ ಕನ್ನಡಕ್ಕೆ ಹೊರಗಿನದಲ್ಲ. ಕಾಸರಗೋಡು ಸೀಮೆಯ ಮಂಜೇಶ್ವರದ ಗೋವಿಂದ ಪೈಗಳು ಆತನ ಕೊನೆಯ ದಿನವನ್ನು 'ಗೊಲ್ಗೊಥಾ' ಎಂಬ ಖಂಡಕಾವ್ಯವಾಗಿಸಿದುದು ಸಾಹಿತ್ಯ ವಿದ್ಯಾರ್ಥಿಗಳಿಗೆ ಸುವಿದಿತವಾಗಿದೆ.

ಮೊದಲು ಪಿಲಾತನ ವಿಷಯ. ಪೊಂತ್ಯ ಪಿಲಾತನು ರೋಮಿನ ಚಕ್ರವರ್ತಿ ತಿಬೇರಿಯನ ಅಧೀನದಲ್ಲಿ ಕ್ರಿ.ಶ. 26ರಿಂದ 36ರವರೆಗೆ ಯೂದಾಯ ಪ್ರಾಂತದ ಅಧಿಪತಿಯಾಗಿದ್ದನು. 1961ರಲ್ಲಿ ಕೈಸರೈಯ ಪಟ್ಟಣದ ಅವಶೇಷಗಳಲ್ಲಿ ಅವನ ಹೆಸರೂ ಪದವಿಯೂ ಉಳ್ಳ ಶಿಲಾಶಾಸನವೊಂದು ದೊರೆತುದರಿಂದ ಅವನ ಐತಿಹಾಸಿಕತೆಗೆ ಕಲ್ಲಿನ ಆಧಾರವೂ ಒದಗಿತು. ಮರಣದಂಡನೆ ವಿಧಿಸುವ ಅಧಿಕಾರ ಅವನ ಕೈಯಲ್ಲಿತ್ತು. ಶಿಲುಬೆ ರೋಮನ್ನರ ಶಿಕ್ಷೆ. ಶಿಲುಬೆಯ ಮೇಲೆ ಬರೆಸಿದ ಫಲಕವು ಯೇಸುವನ್ನು ಯೆಹೂದ್ಯರ ಅರಸನೆಂದು ಕರೆದುದರಿಂದ, ಹೊರಿಸಿದ ಅಪರಾಧ ರಾಜದ್ರೋಹವೆಂಬುದೂ ಸ್ಪಷ್ಟವಾಗುತ್ತದೆ.

ಆದರೆ ನಾಲ್ಕು ಸುವಾರ್ತೆಗಳೂ ಪಿಲಾತನನ್ನು ಒಲ್ಲದ ಮನಸ್ಸಿನ ನ್ಯಾಯಾಧೀಶನನ್ನಾಗಿ ಚಿತ್ರಿಸುತ್ತವೆ. ಆಪಾದಿತನಲ್ಲಿ ಅಪರಾಧ ಕಾಣದೆಂದು ಅವನು ಮೂರು ಬಾರಿ ನುಡಿದನೆಂದು ಲೂಕನು ಹೇಳುತ್ತಾನೆ. ಅಷ್ಟಾಗಿಯೂ ಅವನು ಬಿಡುಗಡೆಯ ಆಜ್ಞೆಯೊಂದನ್ನು ಬಿಟ್ಟು ಉಳಿದ ಎಲ್ಲ ಉಪಾಯಗಳನ್ನೂ ಹುಡುಕಿದನು. ಗಲಿಲಾಯದವನೆಂಬ ನೆಪದಿಂದ ಹೆರೋದನ ಬಳಿಗೆ ಅಟ್ಟಿದನು. ಪಸ್ಕಹಬ್ಬದ ರೂಢಿಯನ್ನು ನೆನೆದು ಬರಬ್ಬನೋ ಯೇಸುವೋ ಎಂದು ಗುಂಪನ್ನು ಕೇಳಿದನು. ಕೊರಡೆಯ ಹೊಡೆತಕ್ಕೆ ಮುಗಿಸಲು ನೋಡಿದನು. ಇವನನ್ನು ಬಿಟ್ಟರೆ ನೀನು ಕೈಸರನ ಮಿತ್ರನಲ್ಲವೆಂಬ ಬೆದರಿಕೆ ಬಂದೊಡನೆ ಮಣಿದನೆಂದು ಯೋಹಾನನು ತಿಳಿಸುತ್ತಾನೆ. ಕಡೆಗೆ ಜನರ ಎದುರಿಗೆ ನೀರು ತರಿಸಿ ಕೈ ತೊಳೆದುಕೊಂಡನೆಂಬುದು ಮತ್ತಾಯನಲ್ಲಿ ಮಾತ್ರ ಬರುವ ಪ್ರಸಂಗ.

ಈ ಕೈತೊಳೆಯುವಿಕೆಯ ಹಿನ್ನೆಲೆಯಲ್ಲಿ ಯೆಹೂದ್ಯರದೇ ಒಂದು ವಿಧಿಯಿದೆ. ಹೊಲದಲ್ಲಿ ಹೆಣ ಬಿದ್ದು ಕೊಂದವನು ತಿಳಿಯದಿದ್ದಾಗ, ಸಮೀಪದ ಊರಿನ ಹಿರಿಯರು ಒಂದು ಕಡಸಿನ ಮೇಲೆ ಕೈ ತೊಳೆದು, ಈ ರಕ್ತವನ್ನು ತಮ್ಮ ಕೈ ಸುರಿಸಿಲ್ಲ, ತಮ್ಮ ಕಣ್ಣು ಕಂಡಿಲ್ಲವೆಂದು ಪ್ರಮಾಣ ಮಾಡಬೇಕೆಂದು ಧರ್ಮೋಪದೇಶಕಾಂಡ ವಿಧಿಸುತ್ತದೆ. ವಿಧಿಯ ಅರ್ಥ ಹೀಗಿರುವಾಗ, ಎಲ್ಲವನ್ನೂ ಕಣ್ಣಾರೆ ಕಂಡು, ತನ್ನದೇ ಸೈನಿಕರ ಕೈಗೆ ಆಪಾದಿತನನ್ನು ಒಪ್ಪಿಸಿದವನಿಗೆ ಆ ನೀರು ಹೇಗೆ ಸಲ್ಲೀತು? ಅರಿಯದವರಿಗಾಗಿ ಇದ್ದ ಶುದ್ಧಿಯನ್ನು ಅರಿತವನು ಬಳಸಿಕೊಂಡನು.

ಅವನಿಗೆ ಬೇರೆ ದಾರಿಯಿರಲಿಲ್ಲವೆಂದು ಸಮರ್ಥಿಸುವವರುಂಟು. ಅದಕ್ಕೆ ಉತ್ತರ ಅದೇ ಹೊಸ ಒಡಂಬಡಿಕೆಯಲ್ಲಿದೆ. ಮುಂದೆ ಇದೇ ಯೆರೂಸಲೇಮಿನಲ್ಲಿ ಪೌಲನನ್ನು ಕೊಲ್ಲಲು ಸಂಚು ನಡೆದಾಗ, ರೋಮಿನ ಸೇನಾಧಿಕಾರಿಯು 200 ಸೈನಿಕರನ್ನು, 70 ಕುದುರೆ ಸವಾರರನ್ನು, 200 ಭರ್ಜಿಯವರನ್ನು ಕಾವಲಿಗೆ ಕೊಟ್ಟು ರಾತ್ರೋರಾತ್ರಿ ಅವನನ್ನು ಕೈಸರೈಯಕ್ಕೆ ಸಾಗಿಸಿದನೆಂದು ಅಪೊಸ್ತಲರ ಕೃತ್ಯಗಳು ಹೇಳುತ್ತವೆ. ಮನಸ್ಸಿದ್ದರೆ ದಾರಿಯಿತ್ತು. ಪೌಲನು ರೋಮಿನ ಪೌರನಾಗಿದ್ದನೆಂಬುದು ನಿಜ. ಪೌರತ್ವವಿದ್ದವನಿಗೆ ಸಿಕ್ಕ ರಕ್ಷಣೆ ಬಡಗಿಯ ಮಗನಿಗೆ ಸಿಗಲಿಲ್ಲವೆಂಬುದು ಆಳುವವನ ಹೊಣೆಯನ್ನು ಹೆಚ್ಚಿಸುತ್ತದೆಯೇ ವಿನಾ ತಗ್ಗಿಸುವುದಿಲ್ಲ.

ಇನ್ನೊಂದು ಮಾತು. ಪಿಲಾತನ ಸಮಕಾಲೀನನಾದ ಫೈಲೋ ಎಂಬ ಯೆಹೂದ್ಯ ಪಂಡಿತನು ಅವನನ್ನು ವಿಚಾರಣೆಯಿಲ್ಲದೆ ಜನರನ್ನು ಕೊಲ್ಲಿಸಿದ ಕ್ರೂರಿಯೆಂದು ಬಣ್ಣಿಸುತ್ತಾನೆ. ಗೆರಿಜೀಮ್ ಬೆಟ್ಟದಲ್ಲಿ ಸಮಾರ್ಯರ ಮೇಲೆ ನಡೆಸಿದ ಹತ್ಯೆಗಾಗಿಯೇ ಅವನನ್ನು ಪದವಿಯಿಂದ ತೆಗೆದು ರೋಮಿಗೆ ಕಳುಹಿಸಲಾಯಿತೆಂದು ಇತಿಹಾಸಕಾರ ಜೋಸೆಫಸನು ಬರೆದಿದ್ದಾನೆ. ರೋಮಿನ ಆಳ್ವಿಕೆಯಲ್ಲಿಯೇ ಬದುಕಬೇಕಾಗಿದ್ದ ಆದಿ ಕ್ರೈಸ್ತರ ಬರವಣಿಗೆಯಲ್ಲಿ ಪಿಲಾತನ ಪಾಲು ಇಳಿಯುತ್ತ, ಯೆಹೂದ್ಯರ ಪಾಲು ಏರುತ್ತ ಹೋಯಿತು. ಒಬ್ಬ ಅಧಿಪತಿಯ ಹೊಣೆ ಒಂದು ಜನಾಂಗದ ತಲೆಗೆ ಬಂದುದರ ಫಲವಾಗಿ ಯುರೋಪಿನ ಯೆಹೂದ್ಯರು ಶತಮಾನಗಳ ಕಾಲ ಹಿಂಸೆಯನ್ನುಂಡರು. ಅಂದಿನ ಯೆಹೂದ್ಯರೆಲ್ಲರನ್ನಾಗಲಿ ಇಂದಿನವರನ್ನಾಗಲಿ ಈ ಮರಣಕ್ಕೆ ಹೊಣೆ ಮಾಡಲಾಗದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ ಘೋಷಿಸಿದುದು 1965ರಲ್ಲಿ.

ಈಗ ಕಲ್ಯಾಣಕ್ಕೆ ಬರೋಣ. ಮಂಗಳವೇಡೆಯ ಕಳಚುರಿ ಮಾಂಡಲಿಕನಾಗಿದ್ದ ಬಿಜ್ಜಳನು ಚಾಲುಕ್ಯ ಮೂರನೆಯ ತೈಲಪನ ದುರ್ಬಲತೆಯಿಂದ ಬಲಗೊಂಡು ಸಿಂಹಾಸನವನ್ನೇರಿದವನು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಕುಲದಿಂದ ಬಂದ ಮಧುವರಸನ ಮಗಳಿಗೂ ಮದುವೆಯಾಯಿತು. ವರ್ಣಸಂಕರದ ದೂರು ಅರಮನೆಗೆ ಮುಟ್ಟಿತು. ಬಿಜ್ಜಳನು ತಂದೆಗಳಿಬ್ಬರನ್ನೂ ಎಳೆಹೂಟೆಗೆ ಗುರಿಮಾಡಿದನು ಎಂಬ ಕಥನ ಭಕ್ತರ ಬಾಯಲ್ಲಿ ಇಂದಿಗೂ ಹಸಿಯಾಗಿದೆ. ಆದರೆ ಇಲ್ಲಿಯೂ ಆಕರಗಳ ಪದರಗಳಿವೆ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ ಬಿಜ್ಜಳನು ಇಬ್ಬರು ಭಕ್ತರ ಕಣ್ಣು ಕೀಳಿಸಿದ ಮಾತಿದೆ. ಮದುವೆಯ ವೃತ್ತಾಂತ ಮುಂದಿನ ಪುರಾಣಗಳಲ್ಲಿ ವಿಸ್ತಾರಗೊಂಡಿತು. ಬಿಜ್ಜಳನ ಶಾಸನಗಳಲ್ಲಿ ಈ ದಂಡನೆಯ ಪ್ರಸ್ತಾಪವಿಲ್ಲ. ಬಸವಣ್ಣನವರನ್ನು ಹೆಸರಿಸುವ 1260ರ ಪ್ರಸಿದ್ಧ ಶಾಸನ ನಮ್ಮ ಸೀಮೆಗೆ ಹತ್ತಿರದ ಹುಕ್ಕೇರಿ ತಾಲೂಕಿನ ಅರ್ಜುನವಾಡದಲ್ಲಿಯೇ ಇದೆ. ಇತ್ತ ಜೈನ ಪರಂಪರೆಯ ಕಥನದಲ್ಲಿ ಬಿಜ್ಜಳನು ಕೊಲ್ಲಾಪುರದ ದಂಡಯಾತ್ರೆಯಿಂದ ಮರಳುವಾಗ ವಿಷಕ್ಕೆ ಬಲಿಯಾದ ದೊರೆ.

ಪಿಲಾತನಿಗೂ ಬಿಜ್ಜಳನಿಗೂ ಇರುವ ಭೇದವನ್ನು ಮರೆಯಬಾರದು. ಪಿಲಾತನು ತನ್ನ ಕಾನೂನಿನ ದೃಷ್ಟಿಯಲ್ಲಿಯೇ ನಿರಪರಾಧಿಯೆಂದು ಬಲ್ಲವನನ್ನು ಕೊಲ್ಲಿಸಿದನು. ಬಿಜ್ಜಳನ ಬೆನ್ನಿಗೆ ಅಂದಿನ ಶಾಸ್ತ್ರವಿತ್ತು. ಪ್ರತಿಲೋಮ ವಿವಾಹ ಅದರ ದೃಷ್ಟಿಯಲ್ಲಿ ಅಪರಾಧ. ಹಾಗಾದರೆ ಬಿಜ್ಜಳನ ಹೊಣೆ ಹಗುರವೇ? ಎರಡೂ ಮನೆಯವರು ಒಪ್ಪಿ ನಡೆಸಿದ ಮದುವೆಯಲ್ಲಿ ನೊಂದವರು ಯಾರು, ಯಾರ ಸೊತ್ತು ಹೋಯಿತು, ಯಾರ ಮೈಗೆ ಗಾಯವಾಯಿತು ಎಂದು ಕೇಳಬೇಕಾದವನು ಅರಸ. ಈ ಪ್ರಶ್ನೆಯನ್ನು ಕೇಳದೆ ಶಾಸ್ತ್ರದ ಹಾಳೆಯನ್ನು ಮುಂದಿಟ್ಟುಕೊಳ್ಳುವುದೂ ಒಂದು ಬಗೆಯ ಕೈತೊಳೆಯುವಿಕೆಯೇ. ಒಬ್ಬನು ಜನರ ಕೂಗಿನ ಹಿಂದೆ ಅಡಗಿದನು, ಇನ್ನೊಬ್ಬನು ಗ್ರಂಥದ ಹಿಂದೆ. ಲಂಕೇಶರ 'ಸಂಕ್ರಾಂತಿ' (1971), ಶಿವಪ್ರಕಾಶರ 'ಮಹಾಚೈತ್ರ' (1986), ಕಾರ್ನಾಡರ 'ತಲೆದಂಡ' (1990) ನಾಟಕಗಳು ಕಲ್ಯಾಣಕ್ಕೆ ಮತ್ತೆ ಮತ್ತೆ ಮರಳಿರುವುದು ಈ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲವೆಂಬುದಕ್ಕೆ ಸಾಕ್ಷಿ.

ಇವರಿಬ್ಬರ ಎದುರಿಗೆ ಇಳಂಗೋ ಅಡಿಗಳ ಶಿಲಪ್ಪದಿಕಾರಂ ಮೂರನೆಯ ಅರಸನೊಬ್ಬನನ್ನು ನಿಲ್ಲಿಸುತ್ತದೆ. ಅಕ್ಕಸಾಲಿಗನ ಸುಳ್ಳು ಮಾತನ್ನು ನಂಬಿ ಕೋವಲನನ್ನು ಕೊಲ್ಲಿಸಿದ ಪಾಂಡ್ಯನು, ಕಣ್ಣಗಿ ಕಾಲಂದುಗೆಯನ್ನು ಒಡೆದು ಸತ್ಯವನ್ನು ತೋರಿದೊಡನೆ ಕಳ್ಳನು ತಾನೇ ಎಂದೊಪ್ಪಿ ಸಿಂಹಾಸನದಿಂದ ಕುಸಿದು ಪ್ರಾಣಬಿಟ್ಟನು. ಮೋಸ ಹೋದವನೆಂದು ಹೇಳಿಕೊಳ್ಳುವ ಅವಕಾಶ ಅವನಿಗಿತ್ತು. ಅವನು ಅಕ್ಕಸಾಲಿಗನತ್ತ ಬೆರಳು ತೋರಲಿಲ್ಲ. ತನ್ನ ಪಾಲನ್ನು ತಾನೇ ಎತ್ತಿಕೊಂಡನು.

ದೂಧಗಂಗೆಯ ಬಯಲಿನ ಬೋರಗಾಂವ ಮೊದಲಾದ ಊರುಗಳಲ್ಲಿ ಬಸದಿಯೂ ಮಠವೂ ಒಂದೇ ನೆಲದ ನೀರು ಕುಡಿದು ಬಾಳಿವೆ. ಜೈನರೂ ವೀರಶೈವರೂ ಒಂದೇ ಓಣಿಯವರು. ಇಂಥ ಸೀಮೆಯಲ್ಲಿ ಹರಳಯ್ಯನ ಕಥೆಯನ್ನು ಹೇಳುವಾಗ ಬಿಜ್ಜಳನನ್ನು ಜೈನನೆಂದು ಕರೆದು, ಅವನ ಪಾಲನ್ನು ನೆರೆಮನೆಯವರ ಮೇಲೆ ಸರಿಸುವ ಅಪಾಯವಿದ್ದೇ ಇರುತ್ತದೆ. ಕಳಚುರಿಗಳು ಸುವರ್ಣವೃಷಭಧ್ವಜರೆಂದು ಶಾಸನಗಳು ಸಾರುತ್ತವೆ. ಬಿಜ್ಜಳನು ಶೈವನೇ ಆಗಿದ್ದನೆಂದು ಪಿ. ಬಿ. ದೇಸಾಯಿಯವರಂಥ ವಿದ್ವಾಂಸರು ವಾದಿಸಿದ್ದಾರೆ. ಅವನು ಯಾವ ಮತದವನಾಗಿದ್ದರೂ ದಂಡಾಜ್ಞೆ ಅರಸನದು. ಆ ಹೊಣೆಯನ್ನು ಅವನ ಹೆಸರಿನಲ್ಲಿಯೇ ಇರಗೊಡುವುದು ಹರಳಯ್ಯ-ಮಧುವರಸರಿಗೆ ಸಲ್ಲಿಸುವ ನ್ಯಾಯ. ನೆರೆಯವರ ಮೇಲೆ ಅದನ್ನು ಹೊರಿಸದಿರುವುದು ನಮಗೆ ನಾವೇ ಸಲ್ಲಿಸಿಕೊಳ್ಳಬೇಕಾದ ನ್ಯಾಯ.